ಅಜ್ಜಿ ಕೊಟ್ಟ ಕಷಾಯ

ಜೀರಿಗೆ ಕಷಾಯ ಕುದಿಯುವ ವಾಸನೆ ಬಂದರೆ ಈಗಲೂ ಮುಂಬಯಿ ಹತ್ತಿರದ ಡೊಂಬಿವಲಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಚಿಕ್ಕಮ್ಮನ ಮಗ ಪಚ್ಚುವಿಗೆ ಏಳು ತುಂಬಿದರೂ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಇಂದು ಕಲಿಸಿದ್ದು ನಾಳೆಗೆ ಮರೆತುಹೋಗುತ್ತಿತ್ತು. ಅವನನ್ನು ಡಾಕ್ಟರರಿಗೆ ತೋರಿಸಲು ಚಿಕ್ಕಮ್ಮ, ಅಜ್ಜಿ, ನಾನು ಹೋಗಿದ್ದೆವು.

ಬಸುರಿಯಾಗಿದ್ದಾಗ ದಾರು, ಅಂದರೆ ಹೆಂಡಗಿಂಡ, ಕುಡಿದಿದ್ದಿರಾ ಎಂದು ಡಾಕ್ಟರ್ ಮರಾಠಿಯಲ್ಲಿ ಚಿಕ್ಕಮ್ಮನನ್ನು ಕೇಳಿದರು. ಚಿಕ್ಕಮ್ಮ ತಲೆ ತಗ್ಗಿಸಿದರು. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

ಅಜ್ಜಿ ಸಿಡುಕಿದರು. "ಎಂತ ಮಾತು ಇದು! ನಮ್ಮ ಮನೆಯ ಹೆಂಗಸರು ಕುಡೀತಾರಾ? ಶೀತ ಆಗ್ಬಾರ್ದು ಅಂತ ದಿನಾ ಕಷಾಯಕ್ಕೆ ಅರ್ಧ ಲೋಟ ಬ್ರಾಂಡಿ ಹಾಕಿ ನಾನೇ ಕೊಡ್ತಿದ್ದೆ. ಅದು ಮದ್ದಲ್ವಾ?"

ಅದನ್ನೂ ನಾನೇ ಮರಾಠಿಯಲ್ಲಿ ಹೇಳಿದೆ. ಡಾಕ್ಟರ್ ಪಚ್ಚುವಿನ ಕಡೆ ಒಮ್ಮೆ ನೋಡಿ, ಚೀಟಿಯಲ್ಲಿ 'ಬ್ರಾಂಡಿ' ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು. ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ರಿಕ್ಷಾದಲ್ಲಿ ಅಜ್ಜಿ ಪಚ್ಚುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಬೆರಳು ಹಿಡಿದು, ಒಂದೇ ಗುಂಡಿಯನ್ನು ಮನೆ ಬರುವವರೆಗೂ ಬಿಚ್ಚಿ ಬಿಚ್ಚಿ ಹಾಕಿಸುತ್ತಿದ್ದರು.