ಒಂದು ಜೊತೆ ಕಾಲುಚೀಲ

ಎಂಟೂವರೆಯಾದರೂ ಕಾಲುಚೀಲ ಹಾಕುವವರು ಬರಲಿಲ್ಲ. ಎಂಬತ್ತೆರಡರ ಯೋರುನ್ ತಲೆ ಬಾಚಿ, ಬೆಳ್ಳಿ ಬಣ್ಣದ ಗುಂಡಿಗಳ ಉಣ್ಣೆ ಕೋಟು ತೊಟ್ಟು, ಭಾಷಣದ ಎರಡು ಹಾಳೆ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಕಿಟಕಿಯ ಬಳಿ ಕೂತಿದ್ದಳು. ಸೊಂಟದಿಂದ ಮೇಲೆ ಸಭೆಗೆ ಹೊರಟ ಹೆಂಗಸು. ಕೆಳಗೆ ಮಾತ್ರ ಈಗಷ್ಟೇ ಹಾಸಿಗೆ ಬಿಟ್ಟವಳ ನಿಲುವಂಗಿ, ಬರಿಗಾಲು. ಕಾಲು ಬಾತುಕೊಳ್ಳದಂತೆ ಬಿಗಿಹಿಡಿಯುವ ಆ ಉದ್ದನೆಯ ಚೀಲ ಹಾಕದೆ ಓಡಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಅದನ್ನು ತಾನೇ ಎಳೆದು ಏರಿಸುವ ಬಲ ಅವಳ ಬೆರಳುಗಳಲ್ಲಿ ಉಳಿದಿರಲಿಲ್ಲ.

ಒಂಬತ್ತಕ್ಕೆ ಪುರಭವನದಲ್ಲಿ ಸಭೆ. ನಾರ್ವೆಯ ನಕಾಶೆಯಲ್ಲಿ ಹುಡುಕಿದರೂ ಸಿಗದಂಥ ಆ ಊರಿನಲ್ಲಿ, ಮನೆಯಲ್ಲೇ ಸರ್ಕಾರಿ ಆರೈಕೆ ಪಡೆಯುವ ಮುದುಕ ಮುದುಕಿಯರೆಲ್ಲ ಸೇರಿ ಅವಳನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿದ್ದರು. ಬೇಡಿಕೆ ಒಂದೇ: ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮೊದಲೇ ಹೇಳಿ. 'ಎಂಟರಿಂದ ಹನ್ನೊಂದರೊಳಗೆ' ಎಂದರೆ ದಿನದ ಅರ್ಧ ಕಿಟಕಿಯ ಪಾಲು. ಕಳೆದ ವರ್ಷವೂ ಈ ಮಾತು ಸಭೆಗೆ ಬಂದಿತ್ತು. ಆಗಲೂ ಅವಳು ಹೀಗೇ ಕಾಯುತ್ತ ಕೂತಿದ್ದಳು. 'ಪ್ರತಿನಿಧಿ ಗೈರುಹಾಜರಿ' ಎಂದು ಬರೆದು ಬೇಡಿಕೆಯನ್ನು ಕೈಬಿಟ್ಟಿದ್ದರು.

ಆರೈಕೆ ವಿಭಾಗದ ಕಚೇರಿಗೆ ಫೋನು ಮಾಡಿದಳು. "ಹೊರಟಿದಾರೆ, ಯಾವಾಗ ತಲುಪ್ತಾರೋ ಹೇಳಕ್ಕಾಗಲ್ಲ" ಎಂದರು. ಯೋರುನ್ ಫೋನಿಟ್ಟು ಕಿಟಕಿ ತೆರೆದಳು. ಪಕ್ಕದ ಮನೆಯ ಓಡ್‌ವಾರ್ ಅಂಗಳದ ಹಿಮ ಎತ್ತಿಹಾಕುತ್ತಿದ್ದ.

"ಓಡ್‌ವಾರ್, ನಿನ್ನ ಜಾರುಕುರ್ಚಿ ತಗೊಂಬಾ."

"ಎಲ್ಲಿಗೆ ಸವಾರಿ?"

"ಪುರಭವನಕ್ಕೆ."

ಕಿಟಕಿಯ ಬಳಿ ಬಂದು ಇಣುಕಿದವನಿಗೆ ನಿಲುವಂಗಿ, ಬರಿಗಾಲು ಕಂಡವು. "ಈ ವೇಷದಲ್ಲಾ? ಜನ ಏನಂತಾರೆ?"

"ಏನಾದ್ರೂ ಅನ್ಲಿ. ಗೈರುಹಾಜರಿ ಅಂತ ಮಾತ್ರ ಅನ್ನಬಾರದು."

ಉಕ್ಕಿನ ಪಟ್ಟಿಗಳ ಮೇಲೆ ಕುರ್ಚಿ. ಹಿಂದೆ ನಿಂತವನು ಒಂದು ಕಾಲಲ್ಲಿ ಹಿಮವನ್ನು ಒದ್ದರೆ ಅದು ಓಡುತ್ತದೆ. ಓಡ್‌ವಾರ್ ಅವಳನ್ನು ಕೂರಿಸಿ ಕಾಲಿಗೆ ಕುರಿಚರ್ಮ ಸುತ್ತಿದ. ಕಾಲುಚೀಲಗಳು ಅವಳ ಕೋಟಿನ ಜೇಬಿನಲ್ಲಿದ್ದವು. ಚರ್ಚಿನ ಪಕ್ಕದ ಇಳಿಜಾರಿನಲ್ಲಿ ಬಂಡಿ ಹುಚ್ಚು ಹಿಡಿದಂತೆ ನುಗ್ಗಿತು. ಮೀನಿನಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ. ಯೋರುನ್‌ಗೆ ಹೆದರಿಕೆಯಾಗಬೇಕಿತ್ತು; ಆದದ್ದು ಮಾತ್ರ ಖುಷಿ, ಎಷ್ಟೋ ವರ್ಷದಿಂದ ಮರೆತೇಹೋಗಿದ್ದ ಖುಷಿ.

"ಇನ್ನೂ ಜೋರಾಗಿ ಒದಿ" ಎಂದಳು.

ಅವರು ಜಾರುಕುರ್ಚಿಯ ಸಮೇತ ಒಳಹೊಕ್ಕಾಗ ಒಂಬತ್ತು ದಾಟಿ ಎರಡು ನಿಮಿಷ. ಆರೈಕೆ ವಿಭಾಗದ ಮುಖ್ಯಸ್ಥ ಸ್ಟೈನಾರ್ ಪುರಸಭೆಯ ಸದಸ್ಯರಿಗೆ ಗೋಡೆಯ ಮೇಲಿನ ಪಟ್ಟಿ ತೋರಿಸುತ್ತಿದ್ದ, ಆರೈಕೆಯ ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂಬ ಪಟ್ಟಿ. "ಒಂದು ಜೊತೆ ಕಾಲುಚೀಲಕ್ಕೆ ಐದು ನಿಮಿಷ ಅಂತ ಲೆಕ್ಕ. ಪಟ್ಟಿ ಪ್ರಕಾರ ನಡೆದ್ರೆ ತಡ ಆಗೋ ಪ್ರಶ್ನೇನೇ ಇಲ್ಲ." ಅವಳನ್ನು ಕಂಡವನೇ ಮುಖವರಳಿಸಿದ. "ಬನ್ನಿ, ಬನ್ನಿ ಯೋರುನ್. ನಿಮ್ಮ ಮಾತೇ ನಮಗೆ ಮುಖ್ಯ. ಐದು ನಿಮಿಷ ತಗೊಳ್ಳಿ."

ಯೋರುನ್ ಹಾಳೆಗಳಿಗೆ ಕೈಹಾಕಿದಳು. ಗೋಡೆಯ ಪಟ್ಟಿ ನೋಡಿದಳು. ಹಾಳೆ ಬಿಟ್ಟು ಜೇಬಿನಿಂದ ಕಾಲುಚೀಲ ತೆಗೆದು, ಕಾಫಿ ಫ್ಲಾಸ್ಕಿನ ಪಕ್ಕ ಮೇಜಿನ ಮೇಲಿಟ್ಟಳು.

"ಆ ಪಟ್ಟಿ ಬರೆದೋರು ಯಾರು?"

"ನಾನೇ."

"ಹಾಗಾದ್ರೆ ನೀವೇ ಹಾಕಿ. ಆಮೇಲೆ ಮಾತಾಡ್ತೀನಿ."

ಎಲ್ಲರೂ ನಕ್ಕರು, ಸ್ಟೈನಾರ್ ಕೂಡ ನಕ್ಕ. ಕೆಟ್ಟವನೇನಲ್ಲ, ಮಂಡಿಯೂರಿ ಕೂತ. ಕಾಲ್ಬೆರಳು ದಾಟುವವರೆಗೆ ಚೀಲ ಸಲೀಸಾಗಿ ಹೋಯಿತು. ಹಿಮ್ಮಡಿಯ ಹತ್ತಿರ ಹಟ ಹಿಡಿದು ನಿಂತಿತು. ಅವನು ಕೋಟು ಬಿಚ್ಚಿದ, ಟೈ ಸಡಿಲಿಸಿದ.

"ಇದು ಮಕ್ಕಳ ಅಳತೆದೇನೋ."

"ಕುಣಿಯಲಾರದವ ನೆಲ ಡೊಂಕು ಅಂದನಂತೆ" ಎಂದ ಓಡ್‌ವಾರ್, ತನಗೊಂದು ಲೋಟ ಕಾಫಿ ಬಗ್ಗಿಸಿಕೊಳ್ಳುತ್ತ.

ಐದು ನಿಮಿಷ ಯಾವಾಗಲೋ ಮುಗಿದಿತ್ತು. ಸದಸ್ಯರು ಕುರ್ಚಿ ಬಿಟ್ಟೆದ್ದು ಸುತ್ತ ನೆರೆದರು. "ಒಳಗಿಂದ ತಿರುಗಿಸಿ", "ಸುಕ್ಕು ಬಿಡಿಸಿ", "ಅಯ್ಯೋ, ಮತ್ತೆ ಜಾರ್ತು" ಎಂದು ಒಬ್ಬರಾದ ಮೇಲೊಬ್ಬರು ಹುರಿದುಂಬಿಸತೊಡಗಿದರು. ಯೋರುನ್ ಕುರ್ಚಿಯ ಕೈ ಹಿಡಿದು, ತಾನೇ ಹಗ್ಗ ಎಳೆಯುತ್ತಿರುವವಳಂತೆ ಹಿಂದಕ್ಕೆ ಒರಗಿದ್ದಳು. ಗಡಿಯಾರದಲ್ಲಿ ಒಂಬತ್ತು ಹದಿನೆಂಟಾದಾಗ ಚೀಲದ ಅಂಚು ಮಂಡಿಯ ಕೆಳಗೆ ಬಂದು ಕೂತಿತು. ಸಭೆ ಚಪ್ಪಾಳೆ ತಟ್ಟಿತು.

ಸ್ಟೈನಾರ್ ನೆಲದ ಮೇಲೇ ಕೂತು ಬೆವರು ಒರೆಸಿಕೊಂಡ. ಗಡಿಯಾರ ನೋಡಿದ, ಆಮೇಲೆ ತನ್ನ ಪಟ್ಟಿಯನ್ನು ನೋಡಿದ. "ಹೇಳಿ ಯೋರುನ್, ಈಗ ನಿಮ್ಮ ಭಾಷಣ" ಎಂದ, ಸಣ್ಣ ದನಿಯಲ್ಲಿ.

ಯೋರುನ್ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡಳು.

"ಇನ್ನೊಂದು ಕಾಲಿದೆ" ಎಂದು ಅದನ್ನೂ ಮುಂದೆ ಚಾಚಿದಳು.