ಬಡತನಕ್ಕೆ ಬಹುಮಾನ

ನಮ್ಮ ಪುರಸಭೆಯ ಅಧ್ಯಕ್ಷರಷ್ಟು ದಡ್ಡ ಏಳು ಸಮುದ್ರ ದಾಟಿದರೂ ಸಿಗುವುದಿಲ್ಲ. ಏಳನ್ನೂ ಈಜಿ ದಾಟಿ, ಹುಡುಕಿ ನೋಡಿಯೇ ಹೇಳುತ್ತಿದ್ದೇನೆ.

ಮನೆಗಂದಾಯ ಕಟ್ಟಲು ಬಂದ ಬಡಗಿಯನ್ನು ಅವರು ಕಚೇರಿಯ ಬಾಗಿಲಲ್ಲೇ ಅಡ್ಡಗಟ್ಟಿದ್ದರು.

"ಏನಯ್ಯಾ, ದುಡ್ಡು ಕಟ್ಟಿ ಊರು ಹಾಳು ಮಾಡ್ತೀಯಾ?"

"ವರ್ಷಾ ವರ್ಷಾ ಕಟ್ತಿದ್ದೆನಲ್ಲ ಸ್ವಾಮಿ."

"ಅದೇ ತಪ್ಪು. ನಮ್ಮ ವರಮಾನ ಇಳಿದಷ್ಟೂ ರಾಜಧಾನಿಯಿಂದ ಬರೋ ಪಾಲು ಏರುತ್ತೆ. ಗುಮಾಸ್ತರು ಕಾಗದ ಓದಿ ಹೇಳಿದಾರೆ. ನಡಿ ಮನೆಗೆ."

ಬಡಗಿ ನಡೆದ. ಊರೇ ನಡೆಯಿತು. ಅಧ್ಯಕ್ಷರು ಅಂಗಡಿ ಬಾಡಿಗೆ ಬಿಟ್ಟರು, ನೀರಿನ ಶುಲ್ಕ ಬಿಟ್ಟರು. ತಪಾಸಣೆಯವರು ಬಂದಾರೆಂದು ಹೊಸ ಅಂಗಿಗೆ ತೇಪೆ ಹಾಕಿಸಿಕೊಂಡರು. ತೇಪೆಗೆ ಬಟ್ಟೆ ಸಾಲದೆ ದರ್ಜಿ ಅಂಗಡಿಯ ಪರದೆಯನ್ನೇ ಕತ್ತರಿಸಿದ. ಇಂಥವರ ಕೈಗೆ ಊರು ಕೊಟ್ಟವರಿಗೆ ಏನನ್ನಬೇಕು?

ಪಾಲು ಬರಲಿಲ್ಲ. ಒಂದು ಬಿಡಿಗಾಸೂ ಬರಲಿಲ್ಲ.

ಊರಿಗಿದ್ದ ಒಬ್ಬಳೇ ದಾದಿಗೆ ನಾಲ್ಕು ತಿಂಗಳ ಸಂಬಳ ನಿಂತಿತು. ಅವಳು ಪೆಟ್ಟಿಗೆ ಕಟ್ಟಿದಳು. ಬಡಗಿಯ ಸೊಸೆಗೆ ದಿನ ತುಂಬಿತ್ತು. ದೊಡ್ಡಾಸ್ಪತ್ರೆ ಅರ್ಧ ದಿನದ ದಾರಿ.

ಹೊರಡುವ ಮುಂಚೆ ದಾದಿ ರಾಜಧಾನಿಯ ಕಚೇರಿಗೇ ಹೋಗಿ ವಿಚಾರಿಸಿ ಬಂದಳು. ತುಂಬಿದ ಸಭೆಯಲ್ಲಿ ಎದ್ದು ನಿಂತಳು.

"ಪಾಲಿನ ಲೆಕ್ಕ ಬದಲಾಗಿ ವರ್ಷ ಆಯ್ತಂತೆ. ಈಗ ಊರು ಎಷ್ಟು ಕಂದಾಯ ಎತ್ತುತ್ತೋ ಅಷ್ಟೇ ಪಾಲಂತೆ. ನಾವು ಎತ್ತಿದ್ದು ಸೊನ್ನೆ. ಬಂದಿದ್ದೂ ಸೊನ್ನೆ."

"ಏನೂ ಬದಲಾಗಿಲ್ಲ ಅಂದ್ರಲ್ಲ ತಾಯಿ," ಎಂದು ಅಧ್ಯಕ್ಷರು ತೊದಲಿದರು.

ಅಂದರಂತೆ. ಯಾರೋ ಅಂದರೆ ನಂಬಿಬಿಡುವುದೇ? ಅಧ್ಯಕ್ಷನಾದವನಿಗೆ ಸ್ವಂತ ಕಣ್ಣು ಬೇಡವೇ? ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮಾಡಿನ ಹೆಂಚು ನಾಲ್ಕು ಹಾರಿಹೋದವು.

ದಾದಿ ನಗಲಿಲ್ಲ. ಬಡಗಿಯೂ ನಗಲಿಲ್ಲ. ಅವಳು ನೇರ ನನ್ನ ಮೇಜಿಗೆ ಬಂದು ರಾಜಧಾನಿಯಿಂದ ತಂದ ಕಾಗದದ ಪ್ರತಿಯೊಂದನ್ನು ಬಿಡಿಸಿಟ್ಟಳು.

"ಹೊಸ ಸುತ್ತೋಲೆ ತಲುಪಿದೆ ಅಂತ ರುಜು ಹಾಕಿದ್ದು ನೀವೇ ತಾನೆ, ಗುಮಾಸ್ತಣ್ಣ?"

ನಾನೇ. ಹದಿನೆಂಟು ಪುಟ ಇತ್ತು, ಓದಲು ಬೇಜಾರಾಗಿ ಅಧ್ಯಕ್ಷರಿಗೆ "ಹೋದ ವರ್ಷದ್ದೇ ಸ್ವಾಮಿ" ಎಂದುಬಿಟ್ಟಿದ್ದೆ.