ದೇವರಮನೆಯಲ್ಲಿ ಎರಡನೇ ರೂಟರ್

"ಮನಿ ನಟ್ಟನಡುವ ಇದ ಬರ್ತೈತ್ರಿ, ಇಲ್ಲಿಟ್ರ ಹಿಂದಿನ ಕ್ವಾಣಿಗೂ ಸಿಗ್ನಲ್ ಮುಟ್ಟತೈತಿ," ಎಂದು ಇಂಟರ್ನೆಟ್ಟಿನ ಖಲಂದರ ದೇವರಮನೆಯ ಹೊಸ್ತಿಲಾಚೆಯೇ ನಿಂತು ಹೇಳಿದ. ಅವನು ಹೇಳಿದಂತೆ ಚೌಡವ್ವಜ್ಜಿ ತನ್ನ ಕೈಯಾರೆ ವೈರ್ ಚುಚ್ಚಿ, ಬಟನ್ ಒತ್ತಿ, ಎರಡನೇ ರೂಟರಿಗೆ ಕುಂಕುಮವನ್ನೂ ಹಚ್ಚಿದಳು. ಮೊಮ್ಮಗ ಮನೋಹರನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು.

ಬ್ಯಾಡಗಿಯ ಆ ಮನೆ ರೈಲು ಡಬ್ಬಿಯಷ್ಟು ಉದ್ದ. ಮುಂದಿನ ಮೆಣಸಿನಕಾಯಿ ಅಂಗಡಿಯಲ್ಲಿದ್ದ ಮೊದಲ ರೂಟರಿನ ಸಿಗ್ನಲ್ ಹಿಂದಿದ್ದ ಮನೋಹರನ ಕೋಣೆ ತಲುಪುವಷ್ಟರಲ್ಲಿ ಸತ್ತೇ ಹೋಗುತ್ತಿತ್ತು. ಅಂಗಡಿಯಲ್ಲೇ ಕೂರೋಣವೆಂದರೆ ಎದುರಿಗೆ ಅಪ್ಪ. ಮನೋಹರನಿಗೆ ನಿಶ್ಚಯವಾದ ಹುಡುಗಿ ಪ್ರಿಯಾಂಕಾ ಹಾವೇರಿಯಲ್ಲಿ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುಂಚೆ ಮಾತ್ರ ವಿಡಿಯೊ ಚಾಟಿಗೆ ಸಿಗುತ್ತಿದ್ದಳು. ಸಿಗ್ನಲ್ ಇಲ್ಲದೆ ಅವನಿಗೆ ಹಲವು ಸಲ ಆ ಹೊತ್ತು ತಪ್ಪಿಹೋಗಿತ್ತು. "ನಾಳೆಯೂ ಬರದಿದ್ದರೆ ಇನ್ನು ಮಾತು ಮದುವೆ ಮಂಟಪದಲ್ಲೇ," ಎಂದು ಆಕೆ ಬರೆದಿದ್ದಳು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಸಿಗ್ನಲ್ಲೇ ಇಲ್ಲ! ಮನೋಹರ ಹಾಸಿಗೆಯಿಂದೆದ್ದವನು ಹಾಗೇ ದೇವರಮನೆಗೆ ಓಡಿದ. ಬಾಗಿಲಿಗೆ ಅಜ್ಜಿ ಅಡ್ಡ ನಿಂತಿದ್ದಳು.

"ಎಲ್ಲಿಗೆ ಹೊಂಟಿ?"

"ರೂಟರ್ ಬಂದ್ ಆಗೇತಿ ಅಜ್ಜಿ, ಬಟನ್ ಹಾಕ್ತೇನಿ."

"ಜಳಕ?"

"ಆಮ್ಯಾಲೆ ಮಾಡ್ತೇನಿ, ಲಗೂ ಸರಿ!"

"ಜಳಕ ಇಲ್ದ ಒಳಗ ಕಾಲಿಟ್ಟಿ ಅಂದ್ರ ಕಾಲು ಮುರೀತೇನಿ."

"ನೀನರ ಹಾಕು ಹಂಗಾರ!"

"ನನಗೇನ್ ತಿಳೀತೈತೋ ಯಪ್ಪಾ, ಆ ಮಿಷನ್ನು!" ಎಂದಳು, ನಿನ್ನೆ ತಾನೇ ಅದನ್ನು ಚಾಲೂ ಮಾಡಿದ್ದ ಅಜ್ಜಿ.

ಮಧ್ಯಾಹ್ನದ ಊಟದ ತನಕ ಮೈಗೆ ನೀರು ಸೋಕಿಸದ ಪುಣ್ಯಾತ್ಮ ಮನೋಹರ. ಹಾಗಂತ ಪ್ರಿಯಾಂಕಾಳನ್ನು ಬಿಡಲಾದೀತೇ? ಬಚ್ಚಲಿಗೆ ಓಡಿ ತಲೆಗೊಂದು ತಂಬಿಗೆ ನೀರು ಸುರಿದುಕೊಂಡ. ಹಣೆತುಂಬ ವಿಭೂತಿ ಬಳಿದುಕೊಂಡು, ಪರಮಭಕ್ತನ ಮುಖ ಮಾಡಿ ಬಂದು ನಿಂತ. ಅಜ್ಜಿಗೇ ಕೆಮ್ಮು ಕಲಿಸಲು ಹೊರಟಿದ್ದ! ಆಕೆ ಹತ್ತಿರ ಬಂದವಳೇ "ಆಕ್ಷೀ!" ಎಂದು ಸೀನಿದಳು.

"ನಿನ್ನಿ ಮೆಣಸಿನಕಾಯಿ ಘಾಟು ಮೈಮ್ಯಾಲ ಹಂಗ ಐತಲ್ಲೋ ಭಾಡ್ಯಾ! ಸಬಕಾರ ಹಚ್ಚಿ ತಿಕ್ಕೊಂಡು ಬಾ, ನಡಿ!"

ಬ್ಯಾಂಕಿನ ಹೊತ್ತಾಗುತ್ತ ಬಂದಿತ್ತು. ಮನೋಹರ ಅಳುಮುಖ ಮಾಡಿಕೊಂಡು ಮತ್ತೆ ಬಚ್ಚಲಿಗೆ ಹೋದ. ಈ ಸಲ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿಕೊಂಡು, ಟವೆಲ್ ಸುತ್ತಿಕೊಂಡು ಓಡಿ ಬಂದ. ದೇವರಮನೆಯೊಳಗೆ ಅಜ್ಜಿ ಆಚೆ ಮುಖ ಮಾಡಿ ಮೊಬೈಲಿನಲ್ಲಿ ಮಾತಾಡುತ್ತಿದ್ದಳು.

"ಹೂಂನವಾ ಪ್ರಿಯಾಂಕಾ, ಸಬಕಾರ ಹಚ್ಚೇ ಮಾಡಾಕತ್ತಾನ. ನೀ ಹೇಳಿದಂಗ ಬಟನ್ ಬಂದ್ ಮಾಡಿದ್ದು ಭಾಳ ಛಲೋ ಆತು ನೋಡು. ಇಷ್ಟು ವರ್ಷ ಒದರಿ ಒದರಿ ನನ್ನ ಗಂಟ್ಲಾ ಹರದಿತ್ತು, ಖರೇನ. ತಡಿ, ಈಗ ಬಟನ್ ಹಾಕ್ತೇನಿ." ಆಚೆಯಿಂದ ಏನೋ ಕೇಳಿಸಿಕೊಂಡು ಅಜ್ಜಿ ಕಿಸಕ್ಕನೆ ನಕ್ಕಳು. "ಏನಂದಿ, ಮೀಸಿ? ಅದನ್ನೂ ತೆಗಸೂಣು ತಗೋವಾ, ಅವಸರ ಯಾಕ?"

ಬಾಗಿಲಲ್ಲಿ ನೀರು ತೊಟ್ಟಿಕ್ಕುತ್ತ ನಿಂತಿದ್ದ ಮನೋಹರ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ.